"ನೀವು ಕೂತ್ಕೊಳಿ" ಅನ್ನುವ ಮುಂಚೆ: ಮಲೆನಾಡಿನ ಮನೆಯ ಹಿರಿಯರ ಸ್ವಾವಲಂಬನೆಗೆ ಒಂದು ಮಾರ್ಗದರ್ಶಿ

"ನೀವು ಕೂತ್ಕೊಳಿ ಅಜ್ಜಿ, ನಾವು ಮಾಡ್ತೀವಿ." ನಮ್ಮ ಕಡೆ ಯಾವ ಮನೆಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಪ್ರೀತಿಯಿಂದಲೇ ಹೇಳುವ ಮಾತು, ಅದರಲ್ಲಿ ಅನುಮಾನವಿಲ್ಲ. ಆದರೆ ದಿನಾ ಇದನ್ನೇ ಕೇಳಿಸಿಕೊಂಡ ಅಜ್ಜಿ ಮೊದಲು ಅಡುಗೆಮನೆ ಬಿಡುತ್ತಾರೆ. ಆಮೇಲೆ ಅಂಗಳ, ಆಮೇಲೆ ಜಗಲಿ. ಉಳಿಯುವುದು ಒಂದು ಮಂಚ, ಒಂದು ಕಿಟಕಿ.

ಕೂತವರ ಮೈ ಬೇಗ ಸೋಲುತ್ತದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿಯೇ ಇದ್ದ ಹಿರಿಯರನ್ನು 10 ದಿನ ಹಾಸಿಗೆಯಲ್ಲಿ ಇರಿಸಿದರು. ಅಷ್ಟರಲ್ಲೇ ಅವರ ಕಾಲುಗಳ ಮಾಂಸಖಂಡ ಸುಮಾರು 1 ಕಿಲೊ ಕರಗಿತ್ತು. ಹತ್ತು ದಿನ ಅಂದರೆ ನಮ್ಮಲ್ಲಿ ಒಂದು ಜ್ವರ, ಇಲ್ಲವೇ ಬಿಡದೆ ಹೊಡೆಯುವ ಒಂದು ಮಳೆಯಷ್ಟು ಸಮಯ.

ನಾನು ಆಕ್ಯುಪೇಶನಲ್ ಥೆರಪಿ ಓದುತ್ತಿದ್ದೇನೆ. ಊರು ತೀರ್ಥಹಳ್ಳಿ ಕಡೆ, ಕಾಲೇಜು ಆಗುಂಬೆ ಘಾಟಿಯ ಕೆಳಗೆ. ಫಿಸಿಯೋಥೆರಪಿ ಎಲ್ಲರಿಗೂ ಗೊತ್ತು, ನಮ್ಮದು ಅಷ್ಟು ಗೊತ್ತಿಲ್ಲ. ಕೈಕಾಲು ಆಡಿಸುವುದರ ಜೊತೆಗೆ, ಆ ಕೈಕಾಲಿನಿಂದ ದಿನದ ಕೆಲಸ ನಡೆಯುತ್ತಿದೆಯಾ ಅಂತ ನೋಡುವುದು ನಮ್ಮ ಕೆಲಸ. ಸ್ನಾನ, ಊಟ, ಬಟ್ಟೆ, ಪೂಜೆ, ತೋಟ, ಕಾಫಿ ಎಲ್ಲವೂ ಅದರಲ್ಲಿ ಬರುತ್ತವೆ. ಅಮೆರಿಕದಲ್ಲಿ 1917ರಲ್ಲಿ ಈ ವೃತ್ತಿಗೆ ಒಂದು ಸಂಘ ಹುಟ್ಟಿತು. ನಮ್ಮ ದೇಶದಲ್ಲಿ 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಮೊದಲ ಶಾಲೆ ಶುರುವಾಯಿತು. ಅದನ್ನು ಕಟ್ಟಿದವರು ಕಮಲಾ ನಿಂಬ್ಕರ್.

ಪುಸ್ತಕದಲ್ಲಿ ಓದಿದ್ದನ್ನು ನಮ್ಮ ಹೊಸ್ತಿಲು, ನಮ್ಮ ಬಚ್ಚಲುಮನೆ, ನಮ್ಮ ಮಳೆಗೆ ಹೊಂದಿಸಿ ಇಲ್ಲಿ ಬರೆದಿದ್ದೇನೆ. ಮನೆಯಲ್ಲಿ ವಯಸ್ಸಾದವರು ಇದ್ದವರಿಗೆ, ಬೆಂಗಳೂರಿನಲ್ಲಿ ಕೂತು ಊರಿನ ಅಪ್ಪ ಅಮ್ಮನ ಚಿಂತೆ ಮಾಡುವವರಿಗೆ, ಮತ್ತು ಅರವತ್ತು ದಾಟಿದ ನಿಮಗೇ. ಓದುವಾಗ ಒಂದು ವಿಷಯ ತಲೆಯಲ್ಲಿ ಇರಲಿ. ಸೀರೆ ಉಡಲು ಸೊಸೆಯ ಕೈ ಬೇಕಾದರೂ, ಇವತ್ತು ಯಾವ ಸೀರೆ ಅಂತ ತಾವೇ ಹೇಳುವ ಅಜ್ಜಿ ಸ್ವತಂತ್ರರು. ಎಲ್ಲ ಕೆಲಸವನ್ನೂ ತಾವೇ ಮಾಡಿಕೊಂಡು, ತಮ್ಮ ಪಿಂಚಣಿ ದುಡ್ಡು ಎಲ್ಲಿ ಹೋಗುತ್ತದೆ ಅಂತ ಕೇಳಲಾಗದ ಅಜ್ಜ ಸ್ವತಂತ್ರರಲ್ಲ.

ಹಂತ 1: ಒಂದು ದಿನ ಸುಮ್ನೆ ನೋಡಿ

ಏನನ್ನೂ ಬದಲಿಸಬೇಡಿ, ಸಲಹೆ ಕೊಡಬೇಡಿ. ಬೆಳಿಗ್ಗೆ ಏಳುವುದರಿಂದ ಹಿಡಿದು ರಾತ್ರಿ ಮಲಗುವ ತನಕ ಅವರ ದಿನ ಹೇಗೆ ಸಾಗುತ್ತದೆ ಅಂತ ನೋಡಿ. ಸಿಡ್ನಿ ಕಾಟ್ಜ್ ಎಂಬ ವೈದ್ಯರ ತಂಡ 1963ರಲ್ಲಿ ಪ್ರಕಟಿಸಿದ ಆರು ಕೆಲಸಗಳ ಪಟ್ಟಿ ಈಗಲೂ ಬಳಕೆಯಲ್ಲಿದೆ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಅದಕ್ಕೆ ಅಡುಗೆ, ಮಾತ್ರೆ, ದುಡ್ಡಿನ ಲೆಕ್ಕ, ಫೋನು, ಪೇಟೆ ಓಡಾಟ ಸೇರಿಸಿ. ನಮ್ಮ ಕಡೆಯ ಮನೆಯಾದರೆ ಹಂಡೆಗೆ ಬೆಂಕಿ ಹಾಕುವುದು, ಕೊಟ್ಟಿಗೆಗೆ ಹೋಗಿಬರುವುದೂ ಇರಲಿ.

ಒಂದೊಂದರ ಮುಂದೆಯೂ ಗುರುತು ಹಾಕಿ. ತಾವೇ ಮಾಡುತ್ತಾರೆ. ನಿಧಾನವಾಗಿ ಮಾಡುತ್ತಾರೆ. ಸ್ವಲ್ಪ ಕೈ ಕೊಟ್ಟರೆ ಮಾಡುತ್ತಾರೆ. ಆಗುವುದಿಲ್ಲ. ಇವು ನಾಲ್ಕಾಯಿತು. ಐದನೆಯದು, ನಾವು ಮಾಡಲು ಬಿಡುತ್ತಿಲ್ಲ. ಪ್ರಾಮಾಣಿಕವಾಗಿ ಬರೆದರೆ ಬಹಳ ಮನೆಗಳಲ್ಲಿ ಈ ಐದನೆಯ ಸಾಲೇ ಉದ್ದ ಇರುತ್ತದೆ. ನಿಧಾನ ಬೇರೆ, ಆಗದೇ ಇರುವುದು ಬೇರೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕಾದರೆ ಹತ್ತು ನಿಮಿಷ ಮೊದಲೇ ಶುರು ಮಾಡಿದರಾಯಿತು.

ಅವರ ಕೈ ಎಲ್ಲಿ ಹೋಗುತ್ತದೆ ಅಂತಲೂ ಗಮನಿಸಿ. ಸುಣ್ಣ ಹೊಡೆದ ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ಒಂದು ಕಡೆ ಮಾತ್ರ ಅಂಗೈಯಗಲ ಕಪ್ಪಾಗಿ, ಜಿಡ್ಡಾಗಿ ಇರುತ್ತದೆ. ದಿನಾ ಅಲ್ಲಿ ಕೈ ಊರಿ ತಿರುಗುತ್ತಾರೆ ಅಂತ ಅರ್ಥ. ಅದನ್ನು ಒರೆಸುವ ಮುಂಚೆ ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ. ಹಿಡಿಕೆ ಬರಬೇಕಾದ ಜಾಗ ಅದೇ.

ಹಂತ 2: ಕೇಳಿ

"ಯಾವ ಕೆಲಸ ಕಷ್ಟ ಆಗ್ತದೆ?" ಅಂತ ಕೇಳಿದರೆ "ಎಂತದೂ ಇಲ್ಲ" ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಕಷ್ಟ ಒಪ್ಪಿಕೊಂಡರೆ ಇನ್ನೊಂದು ಕೆಲಸವೂ ಕೈಬಿಟ್ಟು ಹೋದೀತು ಅನ್ನುವ ಭಯ ಅವರಿಗೆ. ಹಾಗಾಗಿ ಪ್ರಶ್ನೆ ತಿರುಗಿಸಿ. ಯಾವ ಕೆಲಸ ಬಿಟ್ಟದ್ದಕ್ಕೆ ಬೇಜಾರಾಗಿದೆ? ಯಾವುದು ಮತ್ತೆ ಕೈಗೆ ಬಂದರೆ ಖುಷಿ? ನಮ್ಮ ಪಕ್ಕದ ಮನೆಯ ಅಜ್ಜಿಯನ್ನು ಹೀಗೆ ಕೇಳಿದೆ.

"ಎಂತ ಆಸೆ ಮಾರಾಯ್ತಿ ಈ ವಯಸ್ಸಿಗೆ? ಬೆಳಗಿನ ಕಾಫಿ ಒಂದು ನಾನೇ ಮಾಡ್ಕೊಂಡ್ರೆ ಸಾಕಿತ್ತು."

"ಸೊಸೆ ಮಾಡಿಕೊಡ್ತಾರಲ್ಲ ಅಜ್ಜಿ?"

"ಮಾಡಿಕೊಡ್ತಾಳೆ, ಪಾಪ. ಅವಳು ಏಳೋದು ಆರೂವರೆಗೆ. ನಂಗೆ ನಾಲ್ಕೂವರೆಗೇ ಎಚ್ಚರ ಆಗ್ತದೆ. ಅಲ್ಲಿ ತನಕ ಮನೆ ಸೂರು ನೋಡ್ತಾ ಬಿದ್ಕೊಂಡಿರ್ತೇನೆ."

ಮನೆಯವರಿಗೆ ಗ್ಯಾಸಿನ ಭಯ. ಆ ಭಯವೂ ಸರಿಯೇ. ಹಾಗಾಗಿ ಗ್ಯಾಸ್ ಬಿಟ್ಟು ಉಳಿದದ್ದನ್ನು ಜೋಡಿಸಿದೆವು. ಕುದಿದ ಕೂಡಲೇ ತಾನೇ ಆಫ್ ಆಗುವ ಕರೆಂಟ್ ಕೆಟಲ್. ರಾತ್ರಿಯೇ ಇಳಿಸಿಟ್ಟ ಡಿಕಾಕ್ಷನ್, ಫ್ಲಾಸ್ಕಿನಲ್ಲಿ ಬಿಸಿ ಹಾಲು. ಕೂತರೆ ಮೊಣಕೈಗೆ ಸಮ ಬರುವ ಒಂದು ಮೇಜು. ಕೆಟಲ್ ತುಂಬಿದ್ದರೆ ಮಣಿಕಟ್ಟಿಗೆ ಭಾರ, ಅದಕ್ಕೇ ಎರಡು ಲೋಟದಷ್ಟೇ ನೀರು. ಈಗ ಮನೆಯಲ್ಲಿ ಮೊದಲು ಏಳುವವರು, ಮೊದಲು ಕಾಫಿ ಕುಡಿಯುವವರು ಅವರೇ. ಸೊಸೆ ಎದ್ದಾಗ ಅವಳಿಗೂ ಒಂದು ಲೋಟ ಕಾಫಿ ಕಾದಿರುತ್ತದೆ.

ಹೀಗೆ ಸಿಕ್ಕ ಕೆಲಸಗಳಿಗೆ ಹತ್ತಕ್ಕೆ ಎಷ್ಟು ಅಂಕ ಅಂತ ಅವರಿಂದಲೇ ಹಾಕಿಸಿ. ಎಷ್ಟು ಮುಖ್ಯ, ಈಗ ಎಷ್ಟು ಚೆನ್ನಾಗಿ ಆಗುತ್ತಿದೆ, ಅದರಿಂದ ಎಷ್ಟು ಸಮಾಧಾನ. ನಾವು ಆಸ್ಪತ್ರೆಯಲ್ಲೂ ಹೀಗೇ ಮಾಡುತ್ತೇವೆ. ನಿಮಗೆ ಮುಖ್ಯ ಅನ್ನಿಸಿದ್ದಕ್ಕೆ ಅವರು ಎರಡು ಅಂಕ ಕೊಡಬಹುದು. ಆಗ ಅವರ ಪಟ್ಟಿಯೇ ನಡೆಯಬೇಕು.

ಹಂತ 3: ಮನೆಯನ್ನು ಅವರಿಗೆ ಹೊಂದಿಸಿ

ಅವರ ಜೊತೆಗೇ ಮನೆ ಸುತ್ತಿ. ಅವರಿಲ್ಲದಾಗ ಸಾಮಾನು ಸರಿಸಬೇಡಿ. ಕಣ್ಣು ಮಂಜಾದವರು ಮನೆಯನ್ನು ನೆನಪಿನಿಂದಲೇ ದಾಟುತ್ತಾರೆ.

ಬೆಳಕಿನಿಂದ ಶುರು ಮಾಡಿ, ಅದು ಸುಲಭ. ಅರವತ್ತರ ಕಣ್ಣಿನೊಳಗೆ ಹೋಗುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಗುವುದರ ಮೂರನೇ ಒಂದರಷ್ಟೇ. ನಮ್ಮ ಹಳೆ ಮನೆಗಳ ನಡುಮನೆಯಂತೂ ಹಗಲಲ್ಲೇ ಕತ್ತಲು, ಆಷಾಢದಲ್ಲಿ ಕೇಳುವುದೇ ಬೇಡ. ಹಾಸಿಗೆಯಿಂದ ಶೌಚಾಲಯದ ತನಕ ಸಣ್ಣ ಎಲ್‌ಇಡಿ ದೀಪಗಳು ಇರಲಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರದ ಊರುಗಳಿವೆ. ಹಾಗಾಗಿ ಚಾರ್ಜ್ ಆಗುವ ದೀಪ ಒಂದು, ದಿಂಬಿನ ಪಕ್ಕ ಟಾರ್ಚು ಒಂದು ಇರಲೇಬೇಕು.

ಹೊಸ್ತಿಲು. ಇದನ್ನು ಒಡೆಸಿ ಅಂತ ನಾನು ಹೇಳುವುದಿಲ್ಲ. ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುವ ಜಾಗ ಅದು, ಹೇಳಿದರೂ ಯಾರೂ ಒಪ್ಪುವುದಿಲ್ಲ. ಆದರೆ ಹಳೆ ಮನೆಗಳಲ್ಲಿ ಅದು ಎತ್ತರ, ಮೇಲೆ ಬಾಗಿಲು ಗಿಡ್ಡ. ತಲೆ ತಗ್ಗಿಸುತ್ತಲೇ ಕಾಲು ಎತ್ತಬೇಕು. ಹೊಸ್ತಿಲಿನ ಅಂಚಿಗೆ ಹಳದಿ ಬಣ್ಣದ ಒಂದು ಪಟ್ಟೆ ಎಳೆಯಿರಿ, ಬಾಗಿಲ ಚೌಕಟ್ಟಿಗೆ ನೆಟ್ಟಗೆ ಒಂದು ಹಿಡಿಕೆ ಹಾಕಿಸಿ. ತುಂಬಾ ಎತ್ತರವಿದ್ದರೆ ಎರಡೂ ಬದಿಗೆ ಮರದ ಅರ್ಧ ಮೆಟ್ಟಿಲು ಇಡಿ, ಅಲುಗಾಡದ ಹಾಗೆ. ಗಾಲಿಕುರ್ಚಿ ಬಳಸುವವರಿದ್ದರೆ ಇಳಿಜಾರು ಹಲಗೆ ಬೇಕು. 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಅನ್ನುವುದು ಅದರ ಲೆಕ್ಕ. ಅರ್ಧ ಅಡಿ ಹೊಸ್ತಿಲಿಗೆ 6 ಅಡಿ ಹಲಗೆ. ಇದಕ್ಕಿಂತ ಗಿಡ್ಡ ಮಾಡಿದರೆ ತಳ್ಳುವವರೂ ಜಾರುತ್ತಾರೆ.

ಇನ್ನು ಬಚ್ಚಲುಮನೆ. ಇಲ್ಲಿ ಜಾಸ್ತಿ ಹೊತ್ತು ನಿಲ್ಲಿ. ಒದ್ದೆ ಕಲ್ಲು, ಸೋಪಿನ ಜಾರು, ಹಬೆ, ಮಂದ ಬೆಳಕು, ಮೂಲೆಯಲ್ಲಿ ಕುದಿಯುವ ಹಂಡೆ. ಹಂಡೆಯಿಂದ ನೀರು ಮೊಗೆಯಲು ಬಗ್ಗಬೇಕು, ಬಿಸಿನೀರಿನ ಚೊಂಬು ಹಿಡಿದು ತಿರುಗಬೇಕು. ತೊಂದರೆ ಆಗುವುದು ಹೆಚ್ಚಾಗಿ ಆ ತಿರುಗುವ ಗಳಿಗೆಯಲ್ಲಿ. ನೀರನ್ನು ಮೊದಲೇ ಹದ ಮಾಡಿ ಇಡುವ ಕೆಲಸ ಮನೆಯಲ್ಲಿ ಬೇರೆ ಯಾರಾದರೂ ಮಾಡಲಿ. ಬಕೆಟ್ಟನ್ನು ನೆಲದ ಮೇಲೆ ಇಡದೆ ಒಂದು ಕಲ್ಲಿನ ಮೇಲೆ, ಮಂಡಿಯ ಎತ್ತರಕ್ಕೆ ಇಡಿ. ಸ್ನಾನದ ಮಣೆಯ ಬದಲು 17-18 ಇಂಚು ಎತ್ತರದ, ನಾಲ್ಕು ಕಾಲಿಗೂ ರಬ್ಬರ್ ಇರುವ ಗಟ್ಟಿ ಸ್ಟೂಲು ಇರಲಿ. ತೆಳು ಪ್ಲಾಸ್ಟಿಕ್ ಕುರ್ಚಿ ಬೇಡ, ಒದ್ದೆ ನೆಲದಲ್ಲಿ ಅದರ ಕಾಲು ಹರಡಿಕೊಳ್ಳುತ್ತದೆ.

ಹಿಡಿಕೆ ಹಾಕಿಸುವಾಗ ಗೋಡೆ ಯಾವುದು ಅಂತ ಮೊದಲು ನೋಡಿ. ಪುಸ್ತಕಗಳಲ್ಲಿ "ಗೋಡೆಗೆ ಹಿಡಿಕೆ ಕೂರಿಸಿ" ಅಂತ ಒಂದು ಸಾಲಿನಲ್ಲಿ ಮುಗಿಸಿರುತ್ತಾರೆ. ನಮ್ಮ ಎಷ್ಟೋ ಬಚ್ಚಲುಮನೆಗಳದ್ದು ಮಣ್ಣಿನ ಗೋಡೆ. ಅದಕ್ಕೆ ಸ್ಕ್ರೂ ಹೊಡೆದರೆ ಎರಡು ಮಳೆಗಾಲಕ್ಕೆ ಸಡಿಲವಾಗಿ, ಭಾರ ಬಿದ್ದ ದಿನ ಕಿತ್ತು ಕೈಗೆ ಬರುತ್ತದೆ. ಅಂಥ ಕಡೆ ನೆಲದಿಂದ ತೊಲೆಯ ತನಕ ಒಂದು ಜಿಐ ಪೈಪ್ ನಿಲ್ಲಿಸಿ, ಬುಡಕ್ಕೆ ಕಾಂಕ್ರೀಟ್ ಹಾಕಿ, ಮೇಲೆ ತೊಲೆಗೆ ಬಿಗಿಸಿ. ಒಂದೂಕಾಲಿಂದ ಒಂದೂವರೆ ಇಂಚು ದಪ್ಪದ ಪೈಪ್ ಮುಷ್ಟಿಗೆ ಸರಿಯಾಗಿ ಸಿಗುತ್ತದೆ. ಟವೆಲ್ ನೇತುಹಾಕುವ ಸರಳು ಹಿಡಿಕೆ ಅಲ್ಲ, ಅದನ್ನು ಹಿಡಿಯುವ ಅಭ್ಯಾಸ ಇದ್ದರೆ ಇವತ್ತೇ ತೆಗೆಸಿ.

ಶೌಚಾಲಯ ಮನೆಯಿಂದ ದೂರ ಇದ್ದರೆ ರಾತ್ರಿಗೆ ಕೋಣೆಯಲ್ಲೇ ಕಮೋಡ್ ಕುರ್ಚಿ ಇಡಿ. ಕೂರಲು ಆಗದವರಿಗೆ ನೆಲದ ಪ್ಯಾನಿನ ಮೇಲೆಯೇ ಇಡುವ ಕಮೋಡ್ ಸ್ಟೂಲು ಸಿಗುತ್ತದೆ. ಇದನ್ನು ಅವಮಾನ ಅಂದುಕೊಳ್ಳುವ ಹಿರಿಯರಿದ್ದಾರೆ. ಒತ್ತಾಯ ಮಾಡಬೇಡಿ, ತಂದು ಇಡಿ. ಮಳೆಯ ಒಂದು ರಾತ್ರಿ ಅವರೇ ಬಳಸುತ್ತಾರೆ.

ಅಂಗಳದ ಪಾಚಿಯನ್ನು ಮಳೆ ಹಿಡಿಯುವ ಮುಂಚೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ, ನಡುವೆ ಬಿಸಿಲು ಬಿದ್ದ ದಿನ ಇನ್ನೊಮ್ಮೆ. ಓಡಾಡಲು ಹಾಸುವ ಅಡಿಕೆ ದಬ್ಬೆಯೂ (ಸೀಳಿದ ಅಡಿಕೆ ಮರ) ಸ್ವಲ್ಪ ದಿನಕ್ಕೆ ನುಣುಪಾಗುತ್ತದೆ, ಬದಲಿಸುತ್ತಿರಿ. ಅಡಿಕೆ ಚಪ್ಪರದ ಕಂಬಗಳು ಹೇಗೂ ಅಂಗಳದಲ್ಲಿ ಇರುತ್ತವೆ. ಹೆಬ್ಬಾಗಿಲಿಂದ ಬಚ್ಚಲುಮನೆಯ ತನಕ ಕಂಬದಿಂದ ಕಂಬಕ್ಕೆ ಸೊಂಟದ ಎತ್ತರದಲ್ಲಿ ಒಂದು ಬಿದಿರಿನ ಗಳ ಕಟ್ಟಿದರೆ ಕೈಗೆ ಆಧಾರ ಸಿಕ್ಕಿತು. ಖರ್ಚು ಹಗ್ಗದ್ದು ಮಾತ್ರ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕೊಡೆ ಹಿಡಿದರೆ ಜಾರಿದಾಗ ಹಿಡಿದುಕೊಳ್ಳಲು ಕೈಯೇ ಇರುವುದಿಲ್ಲ. ರೈನ್‌ಕೋಟ್ ಹಾಕಲಿ, ಇಲ್ಲವೇ ಹಳೆಯ ಕಂಬಳಿ ಕೊಪ್ಪೆಯೇ ಬರಲಿ. ಸವೆದ ಹವಾಯಿ ಚಪ್ಪಲಿ ಎಸೆದು, ಹಿಂದೆ ಪಟ್ಟಿ ಇರುವುದನ್ನು ತನ್ನಿ.

ಅಡುಗೆಮನೆಯಲ್ಲಿ ದಿನಾ ಬೇಕಾಗುವ ಡಬ್ಬಿಗಳು ಸೊಂಟಕ್ಕೂ ಭುಜಕ್ಕೂ ನಡುವೆ ಇರಲಿ. ಅಟ್ಟದ ಮೇಲಿನದು ಕೆಳಗೆ ಬರಲಿ. ಮೆಟ್ಟುಗತ್ತಿಯಲ್ಲಿ ಹೆಚ್ಚಿಯೇ ಅಭ್ಯಾಸವಾದವರಿಗೆ ನೆಲಕ್ಕೆ ಕೂರಲು ಆಗದಿದ್ದರೆ, ಅದೇ ಮೆಟ್ಟುಗತ್ತಿಯನ್ನು ಬಡಗಿಯಿಂದ ಮೇಜಿನ ಅಂಚಿಗೆ ಬಿಗಿಸಿಕೊಡಬಹುದು. ಬೆರಳು ಮಡಚಲು ಕಷ್ಟವಿದ್ದರೆ ಸೌಟಿನ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿ. ಇದೆಲ್ಲ ನಮಗೆ ಹೊಸದೇನೂ ಅಲ್ಲ. ಹಲ್ಲು ಹೋದ ಅಜ್ಜನಿಗೆ ಕವಳ ಕುಟ್ಟಿಕೊಳ್ಳಲು ಕುಟ್ಟಾಣಿ ಮಾಡಿಕೊಟ್ಟವರು ನಮ್ಮ ಹಿಂದಿನವರೇ. ಅಡಿಕೆ ಜಗಿಯುವುದು ಬಾಯಿಗೆ ಒಳ್ಳೆಯದಲ್ಲ, ಅದು ಬೇರೆ ವಿಷಯ. ಆದರೆ ಹಲ್ಲಿನ ಕೆಲಸವನ್ನು ಕೈಗೆ ವರ್ಗಾಯಿಸಿದ ಆ ಬುದ್ಧಿ ಇದೆಯಲ್ಲ, ನಮ್ಮ ಇಡೀ ವೃತ್ತಿ ನಿಂತಿರುವುದು ಅದರ ಮೇಲೆ.

ಊಟದ ಬಗ್ಗೆ ಒಂದು ಮಾತು. ನೆಲಕ್ಕೆ ಕೂರಲಾಗದ ಹಿರಿಯರಿಗೆ ಮೂಲೆಯಲ್ಲಿ ಮೇಜು ಹಾಕಿ, ಉಳಿದವರೆಲ್ಲ ಪಂಕ್ತಿಯಲ್ಲಿ ಕೂರುವುದನ್ನು ನೋಡಿದ್ದೇನೆ. ನೋಡಲು ಕಷ್ಟವಾಗುತ್ತದೆ. ಎಲ್ಲರೂ ಮೇಜಿಗೆ ಬನ್ನಿ, ಇಲ್ಲವೇ ಅವರ ಕುರ್ಚಿ ಪಂಕ್ತಿಯ ಸಾಲಿನಲ್ಲೇ ಬರಲಿ, ಎಲೆಗೆ ಒಂದು ಸ್ಟೂಲು ಇರಲಿ.

ಹಂತ 4: ಏಳುವುದು, ನಡೆಯುವುದು, ಕೋಲು

ಕುರ್ಚಿಯಿಂದ ಏಳುವುದನ್ನು ಬಿಡಿಬಿಡಿಯಾಗಿ ಕಲಿಸಿ. ಮೊದಲು ಕುರ್ಚಿಯ ಅಂಚಿಗೆ ಸರಿಯಬೇಕು. ಎರಡೂ ಪಾದ ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಬರಬೇಕು. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಗ್ಗಬೇಕು. ಆಮೇಲೆ ಕುರ್ಚಿಯ ಕೈ ಒತ್ತಿ ಏಳಬೇಕು. ನೀವು ಪಕ್ಕದಲ್ಲಿ ನಿಲ್ಲಿ. ರಟ್ಟೆ ಹಿಡಿದು ಎಳೆಯಬೇಡಿ, ಅವರ ಭುಜಕ್ಕೂ ನೋವು, ನಿಮ್ಮ ಬೆನ್ನಿಗೂ ನೋವು. ಊಟಕ್ಕೆ ಮುಂಚೆ ಐದು ಸಲ ಹೀಗೆ ಎದ್ದು ಕೂತರೆ ಅದೇ ವ್ಯಾಯಾಮ. ಬೆಳಿಗ್ಗೆ ಹಾಸಿಗೆಯಿಂದ ಎದ್ದವರು ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಲಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಇನ್ನೂ ಮುಖ್ಯ, ಗಕ್ಕನೆ ಎದ್ದರೆ ತಲೆ ತಿರುಗುತ್ತದೆ.

ಒಂದು ಸಣ್ಣ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲಿ. ಯಾವಾಗಿನ ನಡಿಗೆಯಲ್ಲೇ, ಯಾವಾಗಿನ ಕೋಲು ಹಿಡಿದೇ. ನೀವು ಹತ್ತಿರವೇ ಇರಿ. 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಹಾಗಿದ್ದರೆ ವೈದ್ಯರಿಗೆ ತೋರಿಸಿ. ಮಾತ್ರೆಗಳನ್ನು, ಕಣ್ಣನ್ನು, ಪಾದವನ್ನು ಒಮ್ಮೆ ಪೂರ್ತಿ ನೋಡಲಿ.

ಕೋಲಿನ ಎತ್ತರವನ್ನು ಬಹಳ ಜನ ಅಂದಾಜಿನ ಮೇಲೆ ಇಡುತ್ತಾರೆ. ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅಲ್ಲಿ ಕೋಲಿನ ಹಿಡಿ ಇರಬೇಕು. ಎಡಗಾಲು ನೋವಾದರೆ ಕೋಲು ಬಲಗೈಯಲ್ಲಿ. ನೋಯುವ ಕಡೆಯೇ ಹಿಡಿಯುವವರು ಜಾಸ್ತಿ, ಅದು ತಪ್ಪು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಅಜ್ಜನ ಕಾಲದ ಬೆತ್ತವನ್ನೇ ಹಿಡಿಯುತ್ತೇನೆ ಅಂದರೆ ಹಿಡಿಯಲಿ, ಬುಡಕ್ಕೆ ರಬ್ಬರ್ ಹಾಕಿಸಿ.

ಹಂತ 5: ಕೆಲಸವನ್ನು ಬಿಡಿಸಿ ಹಂಚಿ

ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದುಕೊಳ್ಳಿ. ನೋಡಲು ಒಂದು ಕೆಲಸ. ಬಿಡಿಸಿದರೆ ಮಿಡಿ ತರುವುದು, ಆರಿಸುವುದು, ತೊಳೆದು ಒಣಗಿಸುವುದು, ಭರಣಿಗೆ ಉಪ್ಪಿನ ಜೊತೆ ತುಂಬುವುದು, ಮಿಡಿ ಮುರುಟಿದ್ದು ಸಾಕಾ ಅಂತ ನೋಡುವುದು, ಮಸಾಲೆ ಅರೆದು ಬೆರೆಸುವುದು. ಭರಣಿ ಎತ್ತಲು ಅಜ್ಜಿಗೆ ಆಗದಿರಬಹುದು. ಆದರೆ ಮಿಡಿಯ ತೊಟ್ಟು ಮುರಿದು, ಜಿನುಗುವ ಸೊನೆಯನ್ನು ಮೂಗಿಗೆ ಹಿಡಿದು, "ಇದು ಜೀರಿಗೆ ಮಿಡಿ, ಇದು ಬೇಡ, ಇದು ವರ್ಷ ಇಟ್ಟರೂ ಮೆತ್ತಗಾಗಲ್ಲ" ಅಂತ ಬೇರೆ ಮಾಡುವ ಕೆಲಸ ಮನೆಯಲ್ಲಿ ಮತ್ಯಾರಿಗೆ ಬರುತ್ತದೆ? ಉಪ್ಪಿನ ಅಳತೆ ಯಾರ ಕೈಯಲ್ಲಿದೆ? ಅವರನ್ನು ಕುರ್ಚಿ ಹಾಕಿ ಕೂರಿಸಿ, ಮೊರವನ್ನು ಮೇಜಿನ ಮೇಲೆ ಇಡಿ. ತೋಳಿನ ಕೆಲಸ ನೀವು ಮಾಡಿ, ತೀರ್ಮಾನ ಅವರು ಮಾಡಲಿ.

ಅಡಿಕೆಯಲ್ಲೂ ಹಾಗೆಯೇ. ತೋಟದ ದರೆ ಇಳಿಯಲಾಗದ ಅಜ್ಜನಿಗೆ ಅಡಿಕೆ ಬೇಯಿಸುವ ಚೊಗರು ನೀರಿನ ಬಣ್ಣ ನೋಡಿ ಬೆಂದ ಹದ ಹೇಳಲು ಬರುತ್ತದೆ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ದರ್ಜೆ ಬೇರೆ ಮಾಡಲು ಬರುತ್ತದೆ. ಆ ಕೆಲಸಕ್ಕೆ ಜಗಲಿಯೇ ಸಾಕು. ಸಾಗರದ ಕಡೆ ಹಸೆ ಚಿತ್ತಾರ ಬರೆಯುವ ದೀವರ ಮನೆಗಳಲ್ಲಿ, ಪುಂಡಿನಾರಿನ ಕುಂಚ ಹಿಡಿಯಲು ಬೆರಳು ನಡುಗುವ ಅಜ್ಜಿ ಪಕ್ಕದಲ್ಲಿ ಕೂತು ಗೆರೆ ಎಲ್ಲಿಂದ ಎಳೆಯಬೇಕು ಅಂತ ಹೇಳಿಕೊಡಬಹುದು. ಭೂಮಿ ಹುಣ್ಣಿಮೆಯ ಬುಟ್ಟಿಗೆ ಚಿತ್ತಾರ ಬರೆಯುವ ಹೊತ್ತಿಗೆ ಹಾಗೆ ಹೇಳಿಕೊಡುವವರು ಬೇಕೇ ಬೇಕು.

ಹಂತ 6: ತೀರ್ಮಾನ ಅವರ ಕೈಯಲ್ಲಿರಲಿ

ಈ ಹಂತ ನನಗೆ ಬಹಳ ಮುಖ್ಯ. ತರಗತಿಯಲ್ಲಿ ನಾಯಕತ್ವದ ಬಗ್ಗೆ ಪಾಠ ಕೇಳಿದ್ದೆವು. ಅದು ಅರ್ಥವಾದದ್ದು ವಾರ್ಡಿನಲ್ಲಿ. ನಮ್ಮ ಮೇಡಂ ಒಬ್ಬರು ರೋಗಿಯ ಹತ್ತಿರ ನಿಂತು ಮಾತಾಡುವುದೇ ಇಲ್ಲ. ಗಿಡ್ಡ ಸ್ಟೂಲು ಎಳೆದುಕೊಂಡು, ಅವರ ಕಣ್ಣಿಗಿಂತ ಕೆಳಗೆ ಕೂತು, "ಇವತ್ತು ಎಲ್ಲಿಂದ ಶುರು ಮಾಡೋಣ ಅಂತೀರಿ?" ಅಂತ ಕೇಳುತ್ತಾರೆ. ಆಮೇಲೆ ಉತ್ತರ ಬರುವ ತನಕ ಸುಮ್ಮನಿರುತ್ತಾರೆ. ಪಾರ್ಶ್ವವಾಯುವಿನಿಂದ ಮಾತು ತೊದಲುವವರ ಉತ್ತರಕ್ಕೆ ಬಹಳ ಹೊತ್ತು ಕಾಯಬೇಕು. ಅವರು ಕಾಯುತ್ತಾರೆ. ಆ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಓದಿದವರು ಅವರು, ಆದರೆ ಮುಂದಾಳು ರೋಗಿ.

ಇದಕ್ಕೆ ಸಂಶೋಧನೆಯ ಆಧಾರವೂ ಇದೆ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅಮೆರಿಕದ ಒಂದು ವೃದ್ಧರ ಆರೈಕೆ ಮನೆಯಲ್ಲಿ ಮಾಡಿದ ಅಧ್ಯಯನ ಪ್ರಕಟಿಸಿದರು. ಒಂದು ಗುಂಪಿಗೆ ನಿಮ್ಮ ಕೋಣೆ, ನಿಮ್ಮ ಸಮಯದ ತೀರ್ಮಾನ ನಿಮ್ಮದೇ ಎಂದು ಹೇಳಿ, ಒಂದು ಗಿಡ ಕೊಟ್ಟು ನೀವೇ ನೋಡಿಕೊಳ್ಳಿ ಎಂದರು. ಇನ್ನೊಂದು ಗುಂಪಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದು ಸಿಬ್ಬಂದಿ ಎಂದರು. ಮೊದಲ ಗುಂಪಿನವರು ಹೆಚ್ಚು ಚುರುಕಾಗಿ, ಹೆಚ್ಚು ಖುಷಿಯಾಗಿ ಕಂಡುಬಂದರು.

ಮನೆಯಲ್ಲಿ ಇದನ್ನು ಹೀಗೆ ತರಬಹುದು. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ತೀರ್ಮಾನ ಮಾಡಿ, ಊರಲ್ಲಿರುವ ಸೊಸೆ ಅಥವಾ ಮಗಳು ಅದನ್ನು ನಡೆಸಿ, ನಡುವೆ ಅಪ್ಪ ಅಮ್ಮ ಸುಮ್ಮನೆ ಕೂರುವುದು ನಮ್ಮಲ್ಲಿ ಮಾಮೂಲಿ. ಅದರ ಬದಲು ತಿಂಗಳಿಗೊಮ್ಮೆ ಎಲ್ಲರೂ ಫೋನಿನಲ್ಲಿ ಸೇರಿ. ಮೊದಲು ಮಾತಾಡುವವರು ಹಿರಿಯರು. ಎರಡನೆಯವರು ದಿನಾ ಜೊತೆಗಿದ್ದು ನೋಡಿಕೊಳ್ಳುವವರು, ಅವರ ಆಯಾಸಕ್ಕೂ ಬೆಲೆ ಇದೆ. ದೂರ ಇರುವವರು ಕೊನೆಗೆ. ಆಸ್ಪತ್ರೆಗೆ ಹೋದಾಗ ವೈದ್ಯರು ನಿಮ್ಮ ಮುಖ ನೋಡಿ ಕೇಳಿದರೆ, ನೀವು ಅಮ್ಮನ ಮುಖ ನೋಡಿ. ಕಿವಿ ಮಂದವಿದ್ದರೆ ಪ್ರಶ್ನೆಯನ್ನು ಅವರಿಗೆ ದಾಟಿಸಿ, ಉತ್ತರ ಅವರದ್ದೇ ಇರಲಿ.

ಸ್ವಲ್ಪ ಅಪಾಯವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ತೋಟಕ್ಕೆ ಹೋಗಲೇಬೇಕು ಅನ್ನುವ ಅಪ್ಪನನ್ನು ಮನೆಯಲ್ಲಿ ಕೂಡಿಹಾಕಿದರೆ ಅವರು ಬೀಳದೇ ಇರಬಹುದು, ಆದರೆ ಬದುಕುತ್ತಾರಾ? ಯಾವ ದಾರಿ, ಯಾವ ಹೊತ್ತು, ಜೊತೆಗೆ ಯಾರು, ಜೇಬಿನಲ್ಲಿ ಫೋನು ಇದೆಯಾ ಅಂತ ಕೂತು ಮಾತಾಡಿ. ಸಂಕ (ಹಳ್ಳದ ಕಾಲುಸೇತುವೆ) ದಾಟುವುದು ಬೇಡ, ಮೇಲಿನ ತೋಟ ಸಾಕು ಅನ್ನುವ ಒಪ್ಪಂದಕ್ಕೆ ಬರಬಹುದು. ಮರೆವಿನ ಕಾಯಿಲೆ ಇರುವವರಿಗೂ ಆಯ್ಕೆ ಬೇಕು. "ಏನು ಬೇಕು?" ಅಂತ ಕೇಳಿದರೆ ಅವರಿಗೆ ಗೊಂದಲ. ಎರಡು ಅಂಗಿ ಎತ್ತಿ ತೋರಿಸಿ "ಇದಾ, ಅದಾ?" ಅಂತ ಕೇಳಿ.

ದುಡ್ಡು, ಆಸ್ತಿಯ ಮಾತೂ ಬರಬೇಕು. ಹಿರಿಯರೇ, ಮಕ್ಕಳಿಗೆ ದಾನಪತ್ರ ಬರೆದುಕೊಡುವ ಮುಂಚೆ ವಕೀಲರನ್ನು ಕೇಳಿ. ನೋಡಿಕೊಳ್ಳಬೇಕು ಅನ್ನುವ ಷರತ್ತು ಪತ್ರದಲ್ಲೇ ಇದ್ದು, ಅದು ನಡೆಯದೇ ಹೋದರೆ, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯಿದೆಯ 23ನೇ ಸೆಕ್ಷನ್ ಪ್ರಕಾರ ಆ ವರ್ಗಾವಣೆಯನ್ನು ರದ್ದು ಮಾಡಲು ಕೇಳಬಹುದು. ಜೀವನಾಂಶದ ಅರ್ಜಿಯನ್ನು ಉಪವಿಭಾಗಾಧಿಕಾರಿಗಳಿಗೆ ಕೊಡಬೇಕು. ನಮ್ಮ ಜಿಲ್ಲೆಯಲ್ಲಿ ಶಿವಮೊಗ್ಗ ಮತ್ತು ಸಾಗರದಲ್ಲಿ ಅವರ ಕಚೇರಿಗಳಿವೆ.

ಹಂತ 7: ಹೊರಗಿನ ಸಹಾಯ

ಹಿರಿಯರ ಸಹಾಯವಾಣಿ 14567. ಬೆಳಿಗ್ಗೆ 8ರಿಂದ ರಾತ್ರಿ 8ರ ತನಕ ಉಚಿತ. ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. 60 ದಾಟಿದ, ಬಿಪಿಎಲ್ ಕುಟುಂಬದ ಅಥವಾ ತಿಂಗಳಿಗೆ 15,000 ರೂಪಾಯಿ ಮೀರದ ವರಮಾನದವರಿಗೆ ಕೋಲು, ವಾಕರ್, ಗಾಲಿಕುರ್ಚಿ, ಕಿವಿಯ ಸಾಧನ, ಕನ್ನಡಕ, ಕಟ್ಟುವ ಹಲ್ಲು ಇದರಲ್ಲಿ ಬರುತ್ತವೆ. ಶಿಬಿರಗಳಲ್ಲಿ ಹಂಚುತ್ತಾರೆ. ಯಾವಾಗ, ಎಲ್ಲಿ ಅಂತ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ಜಿಲ್ಲೆಯ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯನ್ನು ಕೇಳಿ. ಅಲ್ಲಿ ಸಿಕ್ಕಿದ ಕೋಲನ್ನೂ ಮಣಿಕಟ್ಟಿನ ಅಳತೆಗೆ ಹೊಂದಿಸಿಕೊಳ್ಳುವುದು ಮರೆಯಬೇಡಿ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅಲ್ಲಿ ರಸ್ತೆ, ನೀರಿನ ಮಾತು ಬರುತ್ತದೆ. ಪಂಚಾಯಿತಿ ಕಚೇರಿಯ ಮೆಟ್ಟಿಲಿಗೆ ಹಿಡಿಕೆ, ಬಸ್ ನಿಲ್ಲುವಲ್ಲಿ ಕೂರಲು ಒಂದು ಕಟ್ಟೆ, ಸಂಕಕ್ಕೆ ಕೈಹಿಡಿಕೆ ಬೇಕು ಅನ್ನುವ ಮಾತು ಬರುವುದು ಅಪರೂಪ. ಇದನ್ನು ಹಿರಿಯರೇ ಎದ್ದು ಕೇಳಬೇಕು. 2011ರ ಜನಗಣತಿಯಲ್ಲೇ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚು ಇದ್ದರು. ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ಏರಿದಾಗ ಊರು ಬಿಟ್ಟು ಬೇರೆ ಕಡೆ ಮನೆ, ತೋಟ ಕಟ್ಟಿಕೊಂಡವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರಿಗೆ ಮುಂದಾಳುತನ ಹೇಳಿಕೊಡಬೇಕಾಗಿಲ್ಲ. ಸಭೆಯ ದಿನ ಕರೆದುಕೊಂಡು ಹೋಗಲು ಒಂದು ಆಟೋ, ಅಲ್ಲಿ ಕೂರಲು ಕೈಯಿರುವ ಕುರ್ಚಿ, ಹತ್ತಿರದಲ್ಲೇ ಶೌಚಾಲಯ ಇದ್ದರಾಯಿತು. ಊರಿನ ಹುಡುಗರು ಇಷ್ಟು ಮಾಡಿಕೊಡಿ.

ತಡಮಾಡಬಾರದ ಹೊತ್ತು

ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ. ರಕ್ತ ಹೆಪ್ಪುಗಟ್ಟಿ ಆಗುವ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು ನಾಲ್ಕೂವರೆ ಗಂಟೆಯೊಳಗೆ. ಹೊಸನಗರದ ಒಳಗಿನ ಹಳ್ಳಿಯಿಂದ ಶಿವಮೊಗ್ಗ ಮುಟ್ಟಲು ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು, ಹಾಗಾಗಿ "ಸ್ವಲ್ಪ ನೋಡೋಣ" ಅನ್ನಬೇಡಿ. ಬಿದ್ದ ಮೇಲೆ ಸೊಂಟದ ಬಳಿ ನೋವಿದ್ದು ಕಾಲೂರಲು ಆಗದಿದ್ದರೆ ಎಬ್ಬಿಸಿ ನಡೆಸಬೇಡಿ. ನಿನ್ನೆ ತನಕ ಸರಿ ಇದ್ದವರು ಇದ್ದಕ್ಕಿದ್ದಂತೆ ಗೊಂದಲಕ್ಕೆ ಬಿದ್ದರೆ ಅದನ್ನು ವಯಸ್ಸಿನ ಮೇಲೆ ಹಾಕಬೇಡಿ. ಸೋಂಕು, ಉಪ್ಪಿನಂಶದ ಏರುಪೇರು, ಮಾತ್ರೆಯ ತೊಂದರೆ ಏನೂ ಇರಬಹುದು.

ಈ ಪಟ್ಟಿಯನ್ನು ವರ್ಷಕ್ಕೆ ಎರಡು ಸಲವಾದರೂ ಮತ್ತೆ ತೆಗೆಯಿರಿ. ಮಳೆಗೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ದೀಪಾವಳಿಗೆ ಎಲ್ಲರೂ ಊರಿಗೆ ಬಂದಾಗ ಇನ್ನೊಮ್ಮೆ. ಅಂಕಗಳನ್ನು ಅವರಿಂದಲೇ ಮತ್ತೆ ಹಾಕಿಸಿ. ಹೊಸ ಆಸೆ ಏನಾದರೂ ಇದೆಯಾ ಕೇಳಿ. ಕೋಲಿನ ರಬ್ಬರ್ ಸವೆದಿದೆಯಾ, ಬಿದಿರಿನ ಗಳಕ್ಕೆ ಗೆದ್ದಲು ಹಿಡಿದಿದೆಯಾ, ಬಚ್ಚಲಿನ ಪೈಪ್ ಅಲುಗಾಡುತ್ತಿದೆಯಾ ನೋಡಿ. ಮಗ, ಮಗಳು ಊರಲ್ಲಿರುವಾಗಲೇ ಇವೆಲ್ಲ ರಿಪೇರಿ ಆಗಲಿ.